ಪೆಂಡಾಲಿನ ಹೊರಗೆ ಕೂತವರು

ಹಾಸನದ ನಮ್ಮ ಬಡಾವಣೆಯ ಪುಟ್ಟ ಸಂಗೀತ ಸಭೆಗೆ ವಾರ್ಷಿಕ ವರದಿ ಬರೆಯುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ಕಾರ್ಯದರ್ಶಿಗಳಿಗೆ ಕಣ್ಣಿನ ಆಪರೇಷನ್ ಆಗಿತ್ತು. "ನೀವು ಅದೂ ಇದೂ ಬರೀತಿರ್ತೀರಲ್ಲಮ್ಮ, ಎರಡು ಪುಟ ಬರೆದುಕೊಟ್ಟುಬಿಡಿ" ಎಂದರು. ಒಪ್ಪಿಕೊಂಡೆ. ನಡೆದ ಕಚೇರಿಗಳ ಪಟ್ಟಿ, ದಾನ ಕೊಟ್ಟವರ ಹೆಸರು, ಖರ್ಚು ವೆಚ್ಚ ಎಲ್ಲ ಸುಲಭವಾಗಿ ಮುಗಿಯಿತು. ಕೊನೆಯಲ್ಲಿ ಎಲ್ಲ ಸಭೆಗಳ ವರದಿಯಲ್ಲೂ ಇರುವಂಥ ಒಂದು ವಾಕ್ಯ ಸೇರಿಸಿದೆ: "ಜನರಲ್ಲಿ ಶಾಸ್ತ್ರೀಯ ಸಂಗೀತದ ಅಭಿರುಚಿ ದಿನೇ ದಿನೇ ಕುಸಿಯುತ್ತಿರುವುದು ವಿಷಾದದ ಸಂಗತಿ."

ಬರೆದು ಪೆನ್ನು ಕೆಳಗಿಟ್ಟ ಮೇಲೆ ಮನಸ್ಸಿಗೆ ಚುರುಕ್ ಎಂದಿತು. ಹಿಂದಿನ ತಿಂಗಳ ಕಚೇರಿ ನೆನಪಾಯಿತು. ಬೆಂಗಳೂರಿನಿಂದ ಬಂದಿದ್ದ ಹುಡುಗಿ. ಒಳ್ಳೆಯ ಶಾರೀರ, ಒಳ್ಳೆಯ ಪಾಠ. ಇನ್ನೂರು ಕುರ್ಚಿ ಹಾಕಿಸಿದ್ದೆವು. ನಾನು ಎಣಿಸಿದಾಗ ಇದ್ದದ್ದು ಹದಿನೇಳು ಜನ. ಅದರಲ್ಲಿ ಮೃದಂಗದವರ ನೆಂಟರು ನಾಲ್ವರು, ಮೈಕಿನವನೊಬ್ಬ. ಆ ಹುಡುಗಿ ಖರಹರಪ್ರಿಯ ರಾಗದ ಆಲಾಪನೆ ಎತ್ತಿಕೊಂಡು, ಇನ್ನೇನು ಅದು ಹೂವಿನ ಹಾಗೆ ಬಿಚ್ಚಿಕೊಳ್ಳಬೇಕು, ಅಷ್ಟರಲ್ಲಿ ಎರಡನೇ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಸೆರಗು ಹೊದ್ದು, ತಲೆ ತಗ್ಗಿಸಿಕೊಂಡು ಹೊರಗೆ ನಡೆದಳು. ಹಾಡುವವಳ ಕಣ್ಣು ಒಂದು ಗಳಿಗೆ ಅವಳ ಹಿಂದೆಯೇ ಹೋಯಿತು. ಹಾಗೆ ಎದ್ದು ಹೋದವಳು ಬೇರೆ ಯಾರೂ ಅಲ್ಲ, ನಾನೇ. ಗಂಟೆ ಎಂಟಾಗಿತ್ತು. ನಮ್ಮವರಿಗೆ ಸಕ್ಕರೆ ಕಾಯಿಲೆ, ಎಂಟೂವರೆಗೆ ಊಟ, ಅದಕ್ಕೆ ಮುಂಚೆ ಮಾತ್ರೆ.

ಅಭಿರುಚಿ ಕುಸಿದದ್ದು ಯಾರದು? ಆ ವಾಕ್ಯವನ್ನು ಹೊಡೆದುಹಾಕಿದೆ. ಅಂದಿನಿಂದ ಈ ಖಾಲಿ ಕುರ್ಚಿಗಳ ಹಿಂದಿನ ಕಥೆಯನ್ನು ನೆನೆಯುತ್ತ, ಓದುತ್ತ, ಕೇಳುತ್ತ ಬಂದಿದ್ದೇನೆ. ಅದು ನಮ್ಮ ಮನೆಯಿಂದಲೇ ಶುರುವಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ರಾಮನವಮಿ ಬಂತೆಂದರೆ ನಮ್ಮ ಕಡೆಯ ಮನೆಗಳಿಗೆ ಬೇರೆ ಹಬ್ಬವೇ ಬೇಡ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿರಾಯರು, ಇನ್ನೂ ಹುಡುಗರಾಗಿದ್ದಾಗಲೇ, ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ಕಚೇರಿಗಳು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ವಾರಗಟ್ಟಲೆ ನಡೆಯುತ್ತಿದ್ದವು. ದೊಡ್ಡ ಪೆಂಡಾಲು. ಒಳಗೆ ಕೂರಲು ಟಿಕೀಟು. ಹೊರಗೆ ಮೈದಾನದಲ್ಲಿ, ಬೇಲಿಯ ಪಕ್ಕದಲ್ಲಿ, ರಸ್ತೆಯಂಚಿನಲ್ಲಿ ಕೂತು ಕೇಳಲು ಯಾರ ಅಪ್ಪಣೆಯೂ ಬೇಡ. ಧ್ವನಿವರ್ಧಕದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿ ಒಳಗಿನವರಿಗೂ ಹೊರಗಿನವರಿಗೂ ಒಂದೇ ಸಮನಾಗಿ ಬರುತ್ತಿತ್ತು.

ನಮ್ಮಪ್ಪ ಒಂದು ಸೀಜನ್ ಟಿಕೀಟು ಕೊಳ್ಳುತ್ತಿದ್ದರು. ಒಂದೇ ಒಂದು. ಅವರು ಪೆಂಡಾಲಿನ ಒಳಗೆ. ಅಮ್ಮ, ನಾನು, ತಮ್ಮ, ಕಂಕುಳಲ್ಲಿ ತಂಗಿ, ಮಡಿಸಿದ ಜಮಖಾನ, ಒಂದು ಚೊಂಬು ನೀರು, ಇವೆಲ್ಲ ಹೊರಗೆ. ಅಲ್ಲಿ ನಮ್ಮ ಹಾಗೆಯೇ ಎಷ್ಟೋ ಸಂಸಾರಗಳಿರುತ್ತಿದ್ದವು. ಹೆಂಗಸರು ಮಗುವಿನ ಬೆನ್ನು ತಟ್ಟುತ್ತಲೇ ತಾಳ ಹಾಕುತ್ತಿದ್ದರು. ಬಾಗಿಲಿನಲ್ಲಿ ಪಾನಕ, ಕೋಸಂಬರಿ ಕೊಟ್ಟದ್ದನ್ನು ತಮ್ಮ ಎರಡು ಸಲ ಇಸಿದುಕೊಂಡು ಬರುತ್ತಿದ್ದ. ಅಮ್ಮನಿಗೆ ಪಾಠವೆಂದು ಆದದ್ದು ಮದುವೆಗೆ ಮುಂಚಿನ ಎರಡು ವರ್ಷ ಮಾತ್ರ. ಆದರೂ ಆಲಾಪನೆ ಶುರುವಾಗಿ ನಾಲ್ಕು ಉಸಿರಾಗುವುದರೊಳಗೆ "ಕಾಂಬೋದಿ" ಎಂದುಬಿಡುತ್ತಿದ್ದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ತನಿ ಆವರ್ತನ ಶುರುವಾಯಿತೆಂದರೆ ಗಂಡಸರು ಕಾಫಿಗೆ ಏಳುತ್ತಾರೆ ಎಂದು ಮೃದಂಗದವರು ಬಹಳ ಕಾಲದಿಂದ ದೂರುತ್ತ ಬಂದಿದ್ದಾರೆ. ಅಮ್ಮ ಏಳುತ್ತಿದ್ದದ್ದೂ ಅದೇ ಹೊತ್ತಿಗೆ, ಆದರೆ ಕಾಫಿಗಲ್ಲ. ಅಪ್ಪ ಮನೆಗೆ ಬರುವುದರೊಳಗೆ ಸಾರು ಬಿಸಿಯಾಗಬೇಕು, ತಟ್ಟೆ ಹಾಕಿರಬೇಕು. ಜಮಖಾನ ಕೊಡವಿ ಮಡಿಸುವಾಗ ಒಳಗಿನಿಂದ ಮೃದಂಗದ ನಡೆ ಕೇಳುತ್ತಿರುತ್ತಿತ್ತು. ಆ ಮೇಲಿನ ದೇವರನಾಮ, ತಿಲ್ಲಾನ, ಮಂಗಳ ಇವೆಲ್ಲ ಅಪ್ಪನ ಬಾಯಿಂದ ಊಟದ ಜೊತೆ ವರದಿಯಾಗಿ ಬರುತ್ತಿದ್ದವು. "ನೀನೂ ಒಂದು ಟಿಕೀಟು ಕೊಳ್ಳಬಾರದೇನಮ್ಮ?" ಎಂದು ಒಮ್ಮೆ ಕೇಳಿದ್ದೆ. "ಹೊರಗೇ ವಾಸಿ ಕಣೆ. ಮಗು ಅತ್ತರೆ ಎದ್ದು ಬರಬಹುದು" ಎಂದಳು. ಅಷ್ಟು ವರ್ಷ ಕಚೇರಿ ಕೇಳಿದ ನಮ್ಮಮ್ಮ ಒಂದು ಮಂಗಳವನ್ನೂ ಅಲ್ಲಿ ಕೂತು ಕೇಳಲಿಲ್ಲ.

ಹೆಂಗಸರು ಪೆಂಡಾಲಿನ ಹೊರಗಾದರೂ ಬಂದು ಕೂರುವಂತಾದದ್ದೇ ಹೆಚ್ಚು ಹಳೆಯ ಮಾತಲ್ಲ. ಅದಕ್ಕೆ ಹಿಂದೆ ಸಂಗೀತ ಇದ್ದದ್ದು ಅರಮನೆಯಲ್ಲಿ, ದೊಡ್ಡವರ ತೊಟ್ಟಿಯಲ್ಲಿ, ದೇವಸ್ಥಾನದಲ್ಲಿ, ಮದುವೆಯ ಚಪ್ಪರದಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ತಾವೇ ಮುಂದೆ ನಿಂತು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ದೇವರೂ ಇರಲಿ, ಕಚೇರಿಯೂ ನಡೆಯಲಿ ಎಂಬ ಯೋಚನೆ. ಆಗ ಮೈಕು ಇರಲಿಲ್ಲ. ಹಾಡುಗಾರನ ಗಂಟಲು ಎಷ್ಟು ದೂರ ಮುಟ್ಟುತ್ತದೋ ಅಷ್ಟೇ ಸಭೆ. ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡದ್ದು ಚಮತ್ಕಾರಕ್ಕಲ್ಲ. ಕೊನೆಯ ಸಾಲಿನವನಿಗೂ ನಾದ ಮುಟ್ಟಲಿ ಎಂದು. ಮೈಕು ಬಂದ ಮೇಲೆ ಆ ಕೊನೆಯ ಸಾಲು ಬೇಲಿಯನ್ನೂ ದಾಟಿತು. ನಮ್ಮಮ್ಮನ ಜಮಖಾನದವರೆಗೆ ಬಂತು. ಧ್ವನಿವರ್ಧಕವನ್ನು ಬೈಯುವವರು ಇದನ್ನು ಮರೆಯಬಾರದು.

ಇನ್ನು ಹಾಡುವ ಹೆಂಗಸರ ಕಥೆ ಬೇರೆ. ಹಾಡಿ ಹೆಸರಾದವರನ್ನು ಸಮಾಜ ಮನೆಯೊಳಗೆ ಸೇರಿಸಲಿಲ್ಲ. ಮನೆಯೊಳಗಿದ್ದವರನ್ನು ಹಾಡಲು ಹೊರಗೆ ಬಿಡಲಿಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಮನೆತನದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದ್ದನ್ನು ಕಂಡು, ತಾವು ದುಡಿದ ದುಡ್ಡು ಸುರಿದು 1920ರ ದಶಕದಲ್ಲಿ ಅಲ್ಲಿ ಗುಡಿ ಕಟ್ಟಿಸಿದರು. ಗುಡಿ ಅವರದು, ಆದರೆ ಅದರ ಮುಂದೆ ಹೆಂಗಸರು ಹಾಡುವ ಹಾಗಿಲ್ಲ ಎಂದರು ಆರಾಧನೆಯ ಗಂಡಸರು. ನಾಗರತ್ನಮ್ಮ ಜಗಳವಾಡಿ ಕೂರಲಿಲ್ಲ. ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಸಂಗೀತ ಸೇವೆ ಶುರುಮಾಡಿದರು. ಎಲ್ಲ ಬಣಗಳೂ ಒಂದಾಗಿ ಹೆಂಗಸರಿಗೂ ಅವಕಾಶ ಸಿಗಲು 1940ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಬಡಗಣ ಕರ್ನಾಟಕದಲ್ಲಿ ಗಂಗೂಬಾಯಿ ಹಾನಗಲ್ಲರದೂ ಇಂಥದೇ ಬಾಳು. ಹಾಡುವ ಮನೆತನದವಳೆಂದು ಕೇರಿಯ ಚುಚ್ಚುಮಾತು ಕೇಳುತ್ತ ಬೆಳೆದವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು.

ಇವರ ಹಾಡು ನಮ್ಮ ಅಜ್ಜಿಯಂಥವರಿಗೆ ಮುಟ್ಟಿದ್ದು ಹೇಗೆ? ಸಭೆಯಿಂದಲ್ಲ. ಮೊದಲು ಗ್ರಾಮಫೋನು, ಆಮೇಲೆ ರೇಡಿಯೋ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1935ರಲ್ಲಿ ಅದೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕೆ ಬಂದ ಹೆಸರೇ ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರು ನಿಂತಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ಒಗ್ಗರಣೆ ಹಾಕುತ್ತ ಕಚೇರಿ ಕೇಳಬಹುದು ಎಂಬುದು ಹೆಂಗಸರಿಗೆ ಎಂಥ ಬಿಡುಗಡೆ! ಕುಕ್ಕರಿನ ಸೀಟಿಗೂ ಮಂದರ ಷಡ್ಜಕ್ಕೂ ನಮ್ಮ ಅಡಿಗೆಮನೆಯಲ್ಲಿ ಎಂದೂ ಜಗಳವಾಗಿಲ್ಲ.

ಹೀಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಂಗೀತದ ಸಭೆ ಎಂಬುದು ಅರ್ಧ ಊರನ್ನು ಹೊರಗಿಟ್ಟುಕೊಂಡೇ ತುಂಬಿರುತ್ತಿತ್ತು. "ಆಗೆಲ್ಲ ಕಾಲಿಡಲು ಜಾಗವಿರುತ್ತಿರಲಿಲ್ಲ" ಎಂದು ಹಿರಿಯರು ಹೇಳುವಾಗ ನಾನು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ: ಯಾರ ಕಾಲಿಗೆ?

ಜನ ಬರುತ್ತಿಲ್ಲ ಎಂಬ ಗೋಳೂ ಹೊಸದಲ್ಲ. 1934ರಲ್ಲಿ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂತು. ಕಂಪನಿ ನಾಟಕಗಳಲ್ಲಿ ರಾತ್ರಿಯಿಡೀ ಕಂದಪದ್ಯ ಕೇಳಿ 'ಒನ್ಸ್‌ಮೋರ್' ಕೂಗುತ್ತಿದ್ದವರು ಮೆಲ್ಲಗೆ ಟೆಂಟ್ ಸಿನಿಮಾದ ಕಡೆ ಹೊರಳಿದರು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆ ಮನೆಮನೆ ಸೇರಿತು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಶುರುವಾಯಿತು. ಮುಂದೆ ಕೈಗೊಂದು ಫೋನು. ಪ್ರತಿ ಸಲವೂ ಸಂಗೀತ ಹಿಂದಿಗಿಂತ ಹೆಚ್ಚು ಮನೆಗಳನ್ನು ಮುಟ್ಟಿತು. ಪ್ರತಿ ಸಲವೂ ಸಭೆಯಲ್ಲಿ ಒಂದಷ್ಟು ಕುರ್ಚಿ ಖಾಲಿಯಾದವು. ಇವೆರಡೂ ನಿಜ.

ಹಾಗಾದರೆ ಈಗ ಜನ ಎಲ್ಲಿಗೂ ಬರುವುದೇ ಇಲ್ಲವೆ? ಬರುತ್ತಾರೆ, ಚೆನ್ನಾಗಿಯೇ ಬರುತ್ತಾರೆ. ಮೈಸೂರಿನ ವಾಣಿವಿಲಾಸ ಮೊಹಲ್ಲದ ಎಂಟನೇ ಕ್ರಾಸಿನಲ್ಲಿ 1962ರಿಂದ ಗಣೇಶೋತ್ಸವದ ಕಚೇರಿಗಳು ನಡೆದುಬಂದಿವೆ. ನಾನು ಅಲ್ಲಿ ಕೇಳಿದ್ದೇನೆ. ರಸ್ತೆಯೇ ಸಭಾಂಗಣ. ಅಕ್ಕಪಕ್ಕದ ಮನೆಗಳ ಮೆಟ್ಟಿಲು, ಕಾಂಪೌಂಡು, ಜಗಲಿ ಎಲ್ಲವೂ ಆಸನ. ಅಲ್ಲಿನ ಹೆಂಗಸೊಬ್ಬರು ಪಲ್ಲವಿ ಮುಗಿದೊಡನೆ ಮನೆಯೊಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿ, ನೆರವಲಿಗೆ ಸರಿಯಾಗಿ ವಾಪಸ್ಸು ಬಂದು ಕೂತದ್ದನ್ನು ಕಣ್ಣಾರೆ ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಪುಣೆಗೆ ಹೋದರೆ ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಉತ್ಸವ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ, ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಿಂದ ಬೆಳೆಸಿಕೊಂಡು ಬಂದದ್ದು. ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ಬಯಲಿನಲ್ಲಿ ಕೂತು ವಿಲಂಬಿತ ಖಯಾಲು ಕೇಳುತ್ತಾರೆ. ಹಿಂದೆ ಅದು ರಾತ್ರಿಯಿಡೀ ನಡೆಯುತ್ತಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ಬಂದ ಮೇಲೆ ಮಧ್ಯಾಹ್ನ, ಸಂಜೆಗಳಿಗೆ ಹೊಂದಿಕೊಂಡಿತು. ಬೆಳಗಿನ ಜಾವದ ರಾಗಗಳನ್ನು ಕಳೆದುಕೊಂಡೆವೆಂದು ಹಳಬರು ಕೊರಗುತ್ತಾರೆ. ಅವರ ಕೊರಗು ಸುಳ್ಳಲ್ಲ. ಆದರೆ ಆ ರಾಗಗಳಿಗಾಗಿ ಇಡೀ ರಾತ್ರಿ ಮನೆಯ ಹೊರಗಿರುವ ಸ್ವಾತಂತ್ರ್ಯ ಎಷ್ಟು ಹೆಂಗಸರಿಗಿತ್ತು ಎಂದೂ ಕೇಳಬೇಕಲ್ಲ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ನಡೆದಾಗ ಸೇರಿದ ಜನಸಾಗರವನ್ನು ನೋಡಿದವರು ಇನ್ನೂ ಮರೆತಿಲ್ಲ. ಅಲ್ಲಿ ಹಾಡಿದ್ದು ಸಿನಿಮಾ ಹಾಡಲ್ಲ, ನಮ್ಮ ಕವಿಗಳ ಪದ್ಯ. ಸಂತೆಗೆ ಬಂದವರ ಹಾಗೆ ಸಂಸಾರ ಸಮೇತ ಬಂದಿದ್ದರು ಜನ. ಶಾಲೆಯಲ್ಲಿ ಕಲಿತ ಹಾಡು, ಕ್ಯಾಸೆಟ್ಟಿನಲ್ಲಿ ಕೇಳಿದ ಹಾಡು, ಜೊತೆಯಲ್ಲಿ ತಾವೂ ಗುನುಗಬಲ್ಲ ಹಾಡು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದೆ. ಒಂದು ಕಡೆ ಕರ್ನಾಟಕ ಸಂಗೀತ, ಒಂದು ಕಡೆ ಹಿಂದೂಸ್ತಾನಿ, ಒಂದು ಕಡೆ ಸುಗಮ ಸಂಗೀತ. ಆದ್ದರಿಂದ "ಶಾಸ್ತ್ರೀಯ ಯಾರಿಗೂ ಬೇಡ" ಎಂಬುದು ನಿಲ್ಲುವ ಮಾತಲ್ಲ. ಎಲ್ಲ ಕಡೆಯೂ ಇರುವುದು ಬೇರೆ ಒಂದು. ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಅದಕ್ಕೊಂದು ನೆಪ ಇದೆ, ದಿನ ಗೊತ್ತಿದೆ. ಒಬ್ಬಳೇ ಹೋಗಬೇಕಿಲ್ಲ, ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಬಹುದು. ನಡುವೆ ಎದ್ದರೆ ಯಾರೂ ಹಿಂತಿರುಗಿ ನೋಡುವುದಿಲ್ಲ. ತಿನ್ನಲು ಏನಾದರೂ ಸಿಗುತ್ತದೆ. ಜನ ಬರೀ ಸಂಗೀತಕ್ಕಾಗಿ ಎಂದೂ ಬಂದವರಲ್ಲ. ಸಂಗೀತವಿರುವ ಕಡೆಗೆ ಇನ್ನೂ ಹತ್ತು ಕಾರಣಕ್ಕೆ ಬರುತ್ತಿದ್ದರು. ಬಂದವರ ಕಿವಿಗೆ ಸಂಗೀತ ತಾನಾಗಿ ಬೀಳುತ್ತಿತ್ತು. ನಮ್ಮ ಸಭೆ ಆ ಹತ್ತು ಕಾರಣಗಳನ್ನೂ ತೆಗೆದುಹಾಕಿ, ಬುಧವಾರ ಸಂಜೆ ಆರೂವರೆಗೆ ಕುರ್ಚಿ ಹಾಕಿಟ್ಟು, ಯಾಕೆ ಬರಲಿಲ್ಲ ಎಂದು ಕೇಳುತ್ತಿತ್ತು.

ಒಂದು ದಿನ ನಾನೂ ಪಕ್ಕದ ಬೀದಿಯ ಟೀಚರಮ್ಮನೂ ಕೂತು, ಸಂಗೀತದ ಪಾಠಕ್ಕೆ ಮಕ್ಕಳನ್ನು ಕಳಿಸುವ ತಾಯಂದಿರಿಗೆಲ್ಲ ಫೋನು ಮಾಡಿದೆವು. ಯಾಕೆ ಬರುವುದಿಲ್ಲ ಎಂದು ನೇರವಾಗಿಯೇ ಕೇಳಿದೆವು. ಒಬ್ಬಳೂ "ನನಗಿಷ್ಟವಿಲ್ಲ" ಎನ್ನಲಿಲ್ಲ. ಸಂಜೆ ಮಕ್ಕಳ ಹೋಂವರ್ಕು. ಆರು ಗಂಟೆಗೆ ಆಫೀಸಿನಿಂದ ಬಂದು ಚಪಾತಿ ಲಟ್ಟಿಸಬೇಕು. ಮಾವನಿಗೆ ಇನ್ಸುಲಿನ್ ಚುಚ್ಚಬೇಕು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ ಎಂದಾಯಿತು, ಸಂತೋಷ. ಆದರೆ ಕಚೇರಿ ಮುಗಿಯುವ ಒಂಬತ್ತೂವರೆಗೆ ನಮ್ಮ ಬಡಾವಣೆಯ ಕಡೆ ಬಸ್ಸೇ ಇಲ್ಲವಲ್ಲ! ಒಬ್ಬಳು ಮಾತ್ರ ಬೇರೆ ಥರ ಹೇಳಿದಳು: "ಆಂಟಿ, ಅಲ್ಲಿ ಮುಂದಿನ ಸಾಲಿನವರೆಲ್ಲ ತಲೆದೂಗುತ್ತಾರೆ, ತೊಡೆ ತಟ್ಟುತ್ತಾರೆ. ನನಗೆ ರಾಗ ಗೊತ್ತಾಗಲ್ಲ. ಪರೀಕ್ಷೆಗೆ ಕೂತ ಹಾಗಾಗುತ್ತೆ." ಈ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿತು. ಮುಂದಿನ ಸಾಲಿನಲ್ಲಿ ತಲೆದೂಗುವವರಲ್ಲಿ ನಾನೂ ಒಬ್ಬಳು.

ಇಷ್ಟೆಲ್ಲ ತೊಂದರೆ ಯಾಕೆ, ಫೋನಿನಲ್ಲೇ ಕೇಳಿದರಾಯಿತಲ್ಲ ಎನ್ನಬಹುದು. ನಾನೂ ಹಾಗೆಂದುಕೊಂಡಿದ್ದೆ. 2020ರ ಬೇಸಿಗೆಯಲ್ಲಿ ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿತ್ತು. ರಾಮನವಮಿಗೆ ಪೆಂಡಾಲು ಏಳಲಿಲ್ಲ. ಅಮ್ಮ ನಮ್ಮ ಮನೆಯಲ್ಲೇ ಇದ್ದಳು. ಹಾಸಿಗೆ ಹಿಡಿದಿದ್ದಳು, ಕಿವಿ ಮಾತ್ರ ಚುರುಕಾಗಿತ್ತು. ಕಲಾವಿದರು ಖಾಲಿ ಸಭಾಂಗಣಗಳಲ್ಲಿ ಹಾಡಿ ಫೋನಿನಲ್ಲಿ ಕೇಳಿಸುತ್ತಿದ್ದ ಕಾಲ ಅದು. ಅಂಥದೊಂದು ಕಚೇರಿಯನ್ನು ಅವಳ ದಿಂಬಿನ ಪಕ್ಕ ಇಟ್ಟೆ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಕಾಂಬೋದಿಯನ್ನು ನಾಲ್ಕೇ ಉಸಿರಿನಲ್ಲಿ ಗುರುತಿಸಿದಳು. ತನಿ ಆವರ್ತನ ಬಂತು, ಅವಳು ಏಳಬೇಕಾಗಿರಲಿಲ್ಲ. ಸಾರು ಬಿಸಿ ಮಾಡಲು ನಾನಿದ್ದೆ. ಬಾಳಿನಲ್ಲಿ ಮೊದಲ ಸಲ ಒಂದು ಕಚೇರಿಯನ್ನು ಮಂಗಳದವರೆಗೂ ಕೇಳಿದಳು.

ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಯಾಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ?"

ಅದೇ ವರ್ಷದ ಕೊನೆಯಲ್ಲಿ ಅಮ್ಮ ಹೋದಳು. ಅವಳ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಹೊರಗೆ ಬೇಲಿಯ ಪಕ್ಕದಲ್ಲಿ ಕೂತಿದ್ದರೂ ಅವಳು ಒಬ್ಬಳೇ ಕೇಳುತ್ತಿರಲಿಲ್ಲ. ಒಳಗಿನ ನಿಟ್ಟುಸಿರು, "ಭಲೇ", ಪಕ್ಕದ ಜಮಖಾನದವಳ ತಾಳ, ಎಲ್ಲ ಸೇರಿ ಅವಳಿಗೆ ಅದು ಕಚೇರಿಯಾಗಿತ್ತು. ಫೋನು ಹಾಡನ್ನು ತಂದುಕೊಟ್ಟಿತು, ಸಭೆಯನ್ನು ತರಲಿಲ್ಲ.

ಈ ವರ್ಷ ನಮ್ಮ ಸಭೆಯಲ್ಲಿ ಸಣ್ಣ ಬದಲಾವಣೆ ಮಾಡಿದ್ದೇವೆ. ದೊಡ್ಡ ಹಾಲಿನ ಬಾಡಿಗೆ ಬಿಟ್ಟು ದೇವಸ್ಥಾನದ ಪಕ್ಕದ ಮಂಟಪಕ್ಕೆ ಬಂದೆವು. ಬುಧವಾರ ಹೋಗಿ ಭಾನುವಾರ ಆಯಿತು. ಮಧ್ಯಾಹ್ನ ನಾಲ್ಕಕ್ಕೆ ಶುರು, ಆರೂಕಾಲಿಗೆ ಮುಕ್ತಾಯ. ಮೊದಲ ಹತ್ತು ನಿಮಿಷ ಬಡಾವಣೆಯ ಮಕ್ಕಳ ಹಾಡು, ಅವರ ಜೊತೆ ಅಪ್ಪ, ಅಮ್ಮ, ಅಜ್ಜಿ ಬಂದೇ ಬರುತ್ತಾರೆ. ಹಾಡುವವರು ರಾಗದ ಹೆಸರು, ಕೃತಿಯ ಅರ್ಥ ಎರಡು ಮಾತಿನಲ್ಲಿ ಹೇಳಬೇಕೆಂದು ಕೇಳಿಕೊಂಡಿದ್ದೇವೆ. ಪರೀಕ್ಷೆಯ ಭಯ ಹೋಗಲಿ ಎಂದು. ಜಮಖಾನ ಹಾಸುತ್ತೇವೆ, ಮಂಡಿ ನೋವಿನವರಿಗೆ ಹಿಂದೆ ಕುರ್ಚಿ. ನೀರುಮಜ್ಜಿಗೆ ಇದ್ದೇ ಇರುತ್ತದೆ. ಹೋದ ತಿಂಗಳು ಎಣಿಸಿದೆ: ಅರವತ್ತಮೂರು ಜನ. ಇದರಿಂದ ಸಂಗೀತ ಉದ್ಧಾರವಾಯಿತೆಂದು ಹೇಳಲಾರೆ. ಕಲಾವಿದರಿಗೆ ಕೊಡುವ ಸಂಭಾವನೆಗೆ ಈಗಲೂ ಮನೆಮನೆ ತಿರುಗಬೇಕು. ಎರಡು ಗಂಟೆಯಲ್ಲಿ ರಾಗಂ ತಾನಂ ಪಲ್ಲವಿ ಹೇಗೆ ಹಾಡಲಿ ಎಂದು ವಿದ್ವಾಂಸರೊಬ್ಬರು ಕೇಳಿದರು. ಅವರ ಮಾತೂ ನ್ಯಾಯವೇ.

ಕಳೆದ ಭಾನುವಾರ ಒಬ್ಬ ಹೆಂಗಸು ಬಂದು ಮಂಟಪದ ಮೆಟ್ಟಿಲ ಮೇಲೆ ಕೂತರು. ಮೂವತ್ತರ ಆಸುಪಾಸು, ತೊಡೆಯ ಮೇಲೆ ಕೂಸು, ಕೈಯಲ್ಲಿ ತರಕಾರಿ ಚೀಲ. "ಒಳಗೆ ಬನ್ನಿಮ್ಮ, ಜಾಗ ಇದೆ" ಎಂದೆ.

"ಇಲ್ಲೇ ಇರ್ತೀನಿ ಆಂಟಿ. ಇವನು ಅತ್ತರೆ ಎದ್ದು ಹೋಗಬಹುದು" ಎಂದರು.

ನಾನು ಬಲವಂತ ಮಾಡಲಿಲ್ಲ. ಒಳಗಿನಿಂದ ಒಂದು ಜಮಖಾನ ತಂದು ಮೆಟ್ಟಿಲ ಪಕ್ಕ ಹಾಸಿ, ಅವರ ಜೊತೆ ನಾನೂ ಅಲ್ಲೇ ಕೂತೆ. ಕೂಸು ನಡುವೆ ಒಂದು ಸಲ ಅತ್ತಿತು. ಅದನ್ನು ನಾನು ಎತ್ತಿಕೊಂಡು ಅಶ್ವತ್ಥಕಟ್ಟೆಗೆ ಎರಡು ಸುತ್ತು ಹಾಕಿ ಬಂದೆ. ಅವರು ಎದ್ದು ಹೋಗಲಿಲ್ಲ. ಮಂಗಳ ಮುಗಿದಾಗ ತರಕಾರಿ ಚೀಲ ಕೆಳಗಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು.